ಗುದ್ದು ಹುಟ್ಟುವ ಜಾಗ

ತಟ್ಟೆ ಇಡ್ಲಿ ಮೇಜಿಗೆ ಬರುವಷ್ಟರಲ್ಲಿ ಟೈಸನ್ ಗೆದ್ದಿದ್ದ. ಎರಡನೇ ಸಲ ಚಟ್ನಿ ಹಾಕಿಸಿಕೊಳ್ಳುವ ಹೊತ್ತಿಗೆ ಫೋರ್‌ಮನ್ ಮುಂದೆ ಬಂದ. ಕಾಫಿ ಬಂದಾಗ ಮಾತು ಜಗಳಕ್ಕೆ ತಿರುಗುವ ಹಾಗಿತ್ತು. ಕ್ಯಾತ್ಸಂದ್ರದ ಹೋಟೆಲಿನಲ್ಲಿ ನನ್ನ ಅಕ್ಕನ ಮಗ ಮತ್ತು ಅವನ ಗೆಳೆಯ ಕೂತಿದ್ದರು, ಇಬ್ಬರೂ ಇಂಜಿನಿಯರಿಂಗ್ ಓದುವ ಹುಡುಗರು. ಬಾಕ್ಸಿಂಗ್‌ನಲ್ಲಿ ಎಲ್ಲರಿಗಿಂತ ಜೋರಾಗಿ ಗುದ್ದಿದವನು ಯಾರು ಅನ್ನುವುದು ಅವರ ವಾದ. ಇಬ್ಬರೂ ಒಂದು ದಿನಕ್ಕೂ ಗ್ಲೌಸ್ ತೊಟ್ಟವರಲ್ಲ. ನಾನೂ ಅಷ್ಟೇ. ಅದಕ್ಕೇ ಮೂವರಿಗೂ ಅಷ್ಟು ಧೈರ್ಯ.

ಟೈಸನ್ ಕಡೆಯವನ ಹತ್ತಿರ ಒಳ್ಳೆಯ ಸಾಕ್ಷಿ ಇತ್ತು. 1986ರ ನವೆಂಬರ್‌ನಲ್ಲಿ, ಇನ್ನೂ 20 ವರ್ಷದ ಹುಡುಗ ಮೈಕ್ ಟೈಸನ್, ಟ್ರೆವರ್ ಬರ್ಬಿಕ್‌ನನ್ನು ಎರಡನೇ ಸುತ್ತಿನಲ್ಲೇ ಕೆಡವಿ ಹೆವಿವೇಟ್ ಚಾಂಪಿಯನ್ ಆದ. ಕೊನೆಯ ಏಟು ತಿಂದ ಬರ್ಬಿಕ್ ಏಳಲು ಹೋಗಿ ಬಿದ್ದ. ಮತ್ತೆ ಎದ್ದು, ಕುಡಿದವರ ಹಾಗೆ ತೂರಾಡಿಕೊಂಡು ರಿಂಗ್‌ನ ಇನ್ನೊಂದು ಕಡೆ ಬಿದ್ದ. ಇನ್ನೊಬ್ಬ ಹುಡುಗ ಬಿಡಬೇಕಲ್ಲ. 1973ರಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಜಾರ್ಜ್ ಫೋರ್‌ಮನ್, ಅಲ್ಲಿಯವರೆಗೆ ಒಂದೂ ಪಂದ್ಯ ಸೋಲದ ಜೋ ಫ್ರೇಜಿಯರ್‌ನನ್ನು ಎರಡೇ ಸುತ್ತಿನಲ್ಲಿ ಆರು ಸಲ ನೆಲಕ್ಕೆ ಹಾಕಿದ್ದನ್ನು ತೆಗೆದ. ಫೋರ್‌ಮನ್ ಗೆದ್ದ 76 ಪಂದ್ಯಗಳಲ್ಲಿ 68 ನಾಕೌಟ್, ಅಂದರೆ ಎದುರಾಳಿ ಮುಂದೆ ಆಡಲಾಗದೆ ಮುಗಿದವು. ಟೈಸನ್‌ದು 50ಕ್ಕೆ 44. ಭಾಗಾಕಾರ ಮಾಡಿ ನೋಡಿದರೆ ಇಬ್ಬರೂ ಹೆಚ್ಚುಕಡಿಮೆ ಒಂದೇ.

ಹಾಗೆ ನೋಡಿದರೆ ಈ ಭಾಗಾಕಾರವೇ ಮೋಸ. ಎದುರಿಗೆ ಯಾರು ನಿಂತಿದ್ದರು ಅನ್ನುವುದನ್ನು ಅದು ಹೇಳುವುದಿಲ್ಲ. ಸುಲಭದ ಎದುರಾಳಿಗಳನ್ನು ಸಾಲಾಗಿ ನಿಲ್ಲಿಸಿದರೆ ಯಾರ ಲೆಕ್ಕ ಬೇಕಾದರೂ ಚೆನ್ನಾಗಿ ಕಾಣುತ್ತದೆ.

ಹಾಗಾದರೆ ಅಳೆದೇ ನೋಡೋಣ ಅಂದವರು ಉಂಟು. 1985ರಲ್ಲಿ ಬ್ರಿಟನ್ನಿನಲ್ಲಿ ಫ್ರಾಂಕ್ ಬ್ರೂನೊ ಎಂಬ ಹೆವಿವೇಟ್ ಬಾಕ್ಸರನನ್ನು ಕರೆದು, ತೂಗುಬಿಟ್ಟ ಮೆತ್ತನೆಯ ಗುರಿಗೆ ಗುದ್ದಿಸಿದರು. ಅವನ ಮುಷ್ಟಿ ಅರ್ಧ ಮೀಟರ್ ದೂರವನ್ನು ಸೆಕೆಂಡಿನ ಹತ್ತನೇ ಒಂದು ಪಾಲಿನಲ್ಲಿ ದಾಟಿತು. ಮುಟ್ಟುವ ಹೊತ್ತಿಗೆ ವೇಗ ಸೆಕೆಂಡಿಗೆ 8.9 ಮೀಟರ್, ಅಂದರೆ ಗಂಟೆಗೆ 32 ಕಿಲೋಮೀಟರ್. ಊರೊಳಗೆ ಟಿವಿಎಸ್ ಹೋಗುವ ವೇಗ. ಬಲ ಮಾತ್ರ ಸುಮಾರು 4100 ನ್ಯೂಟನ್. ಇದು 50 ಕೆಜಿಯ ಎಂಟು ಮೂಟೆ ರಾಗಿಯ ಭಾರಕ್ಕಿಂತ ಸ್ವಲ್ಪ ಜಾಸ್ತಿ. ಮುಷ್ಟಿ ತಾಗಿದ 14 ಮಿಲಿಸೆಕೆಂಡಿನ ಒಳಗೇ ಅಷ್ಟೂ ಬಲ ಬಂದುಬಿಟ್ಟಿತ್ತು. ಕಣ್ಣಿಗೆ ಕಂಡದ್ದಕ್ಕೆ ಮೈ ಅಲುಗಾಡಿಸಲು ನಮಗೆ ಸೆಕೆಂಡಿನ ಐದನೇ ಒಂದು ಪಾಲಾದರೂ ಬೇಕು. ಅಂದರೆ ಬ್ರೂನೊನ ಮುಷ್ಟಿ ಹೊರಟದ್ದನ್ನು ನೋಡಿ ತಪ್ಪಿಸಿಕೊಳ್ಳುತ್ತೇನೆ ಅನ್ನುವವನಿಗೆ ಹೊತ್ತೇ ಇಲ್ಲ. ಒಳ್ಳೆಯ ಬಾಕ್ಸರುಗಳು ನೋಡುವುದು ಮುಷ್ಟಿಯನ್ನಲ್ಲ, ಅದಕ್ಕೂ ಮೊದಲು ಅಲ್ಲಾಡುವ ಭುಜವನ್ನು, ಕಾಲನ್ನು.

ಇಲ್ಲಿ ನನಗೆ ತುಂಬ ಇಷ್ಟವಾದ ಇನ್ನೊಂದು ಲೆಕ್ಕ ಇದೆ. ದೊಡ್ಡ ಆಳಿನದೇ ಆದರೂ ಮುಷ್ಟಿಯ ತೂಕ ಅರ್ಧ ಕೆಜಿ ಆಸುಪಾಸು. ಆದರೆ 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಏಳು ಒಲಿಂಪಿಕ್ ಬಾಕ್ಸರುಗಳ ಗುದ್ದನ್ನು ಅಳೆದಾಗ, ಹೊಡೆತದ ಹಿಂದೆ ಸರಾಸರಿ 2.9 ಕೆಜಿ ತೂಕ ಇರುವ ಹಾಗೆ ಕಂಡಿತು. ವೇಗ ಸೆಕೆಂಡಿಗೆ ಸುಮಾರು 9 ಮೀಟರ್. ಅರ್ಧ ಕೆಜಿಯ ಮುಷ್ಟಿಗೆ ಉಳಿದ ಎರಡೂವರೆ ಕೆಜಿ ಎಲ್ಲಿಂದ ಬಂತು? ಮೊಣಕೈಯಿಂದ, ಭುಜದಿಂದ, ಬೆನ್ನಿನಿಂದ. ಮಣಿಕಟ್ಟು ಸಡಿಲ ಇದ್ದವನ ಗುದ್ದಿನ ಹಿಂದೆ ಇಷ್ಟು ತೂಕ ಇರುವುದಿಲ್ಲ. ಮುಷ್ಟಿ ತಾಗಿ ನಿಲ್ಲುತ್ತದೆ, ಹಿಂದಿನ ತೋಳು ಸುಮ್ನೆ ಮಡಚಿಕೊಳ್ಳುತ್ತದೆ. ನಾನೊಮ್ಮೆ ಮಾಲ್‌ ಒಂದರಲ್ಲಿ ಗುದ್ದುವ ಯಂತ್ರಕ್ಕೆ ದುಡ್ಡು ಹಾಕಿ ಜೋರಾಗಿ ಹೊಡೆದಿದ್ದೆ. ಬಂದ ಅಂಕಿ ಅಕ್ಕನ ಮಗನದರ ಅರ್ಧ. ಮಣಿಕಟ್ಟು ಮಾತ್ರ ವಾರ ಪೂರ್ತಿ ನೋಯುತ್ತಿತ್ತು.

ಈ 2.9 ಕೆಜಿ, 9 ಮೀಟರ್ ವೇಗವನ್ನು ಚಲನಶಕ್ತಿಯ ಸೂತ್ರಕ್ಕೆ ಹಾಕಿ ನೋಡಿದರೆ ಸುಮಾರು 117 ಜೌಲ್ ಶಕ್ತಿ. ನಮ್ಮ ತಿಪಟೂರು ಸೀಮೆಯ ಲೆಕ್ಕದಲ್ಲಿ ಹೇಳಬೇಕಾದರೆ, ನಲವತ್ತು ಅಡಿ ಮರದಿಂದ ಉದುರಿದ ಒಂದು ಕೆಜಿ ತೆಂಗಿನಕಾಯಿಯ ಶಕ್ತಿ. ತೋಟದಲ್ಲಿ ಕಾಯಿ ಬೀಳುವ ಸದ್ದು ಕೇಳಿದವರಿಗೆ ಇದಕ್ಕಿಂತ ವಿವರಣೆ ಬೇಡ. ಕಾಯಿ ಗಟ್ಟಿ, ಗ್ಲೌಸ್ ಮೆತ್ತಗೆ, ಹಾಗಾಗಿ ತಲೆಗೆ ಆಗುವ ಗತಿ ಬೇರೆ ಬೇರೆ. ಆದರೆ ಹನ್ನೆರಡು ಸುತ್ತಿನ ಪಂದ್ಯದಲ್ಲಿ ಇಂಥ ಎಷ್ಟು ಕಾಯಿ ಒಬ್ಬನ ತಲೆ ಮೇಲೆ ಬೀಳುತ್ತವೆ ಅಂತ ಎಣಿಸಲು ಹೋದರೆ ಪಂದ್ಯ ನೋಡುವ ಮನಸ್ಸೇ ಹೋಗುತ್ತದೆ.

ತೆಂಗಿನ ಮಾತು ಬಂತಲ್ಲ, ಗುದ್ದು ಎಲ್ಲಿ ಹುಟ್ಟುತ್ತದೆ ಅನ್ನುವುದು ನನಗೆ ಅರ್ಥವಾದದ್ದೂ ತೆಂಗಿನಿಂದಲೇ. ನಮ್ಮಲ್ಲಿ ಕಾಯಿ ಸುಲಿಯಲು ಬರುವ ಅಜ್ಜ ಒಬ್ಬರಿದ್ದಾರೆ. ಸಣಕಲು ಮೈ, ತೋಳು ನೋಡಿದರೆ ಬೆಂಡೆಕಾಯಿ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿಯನ್ನು ಕುಕ್ಕುತ್ತಾರೆ, ಒಂದು ತಿರುವು ಕೊಡುತ್ತಾರೆ, ಮಟ್ಟೆ ಬಾಯಿ ಬಿಡುತ್ತದೆ. ಮೂರ್ನಾಲ್ಕು ಸಲ ಹಾಗೆ ಮಾಡಿದರೆ ಕಾಯಿ ಆಚೆ. ಹೋದ ವರ್ಷ ಜಿಮ್ಮಿಗೆ ಹೋಗುವ ನಮ್ಮ ಹುಡುಗ ನಾನೂ ಸುಲಿಯುತ್ತೇನೆ ಅಂತ ನಿಂತ. ತೋಳಿನ ಬಲವನ್ನೆಲ್ಲ ಹಾಕಿ ಕುಕ್ಕಿದ. ಮೊನೆ ಒಂದಂಗುಲ ಇಳಿದು ಕಚ್ಚಿಕೊಂಡಿತು. ಅಜ್ಜ ಕೈ ನೋಡಲೇ ಇಲ್ಲ. "ಕಾಲು ಸರಿಯಾಗಿ ಊರಪ್ಪ" ಅಂದರು.

ಮೇಲಿನಿಂದ ಕೆಳಕ್ಕೆ ಕುಕ್ಕುವುದಕ್ಕೂ ಮುಂದಕ್ಕೆ ಗುದ್ದುವುದಕ್ಕೂ ವ್ಯತ್ಯಾಸ ಇದೆ, ಒಪ್ಪುತ್ತೇನೆ. ಅಜ್ಜನಿಗೆ ಭೂಮಿಯ ಸೆಳೆತದ ಸಹಾಯ ಇದೆ, ಬಾಕ್ಸರನಿಗೆ ಇಲ್ಲ. ಆದರೆ ಇಬ್ಬರೂ ಇಡೀ ಮೈಯ ಭಾರವನ್ನು ಕೈಗೆ ದಾಟಿಸುತ್ತಾರೆ. ಬಾಕ್ಸರ್ ಹಿಂದಿನ ಪಾದದಿಂದ ನೆಲವನ್ನು ಒದೆಯುತ್ತಾನೆ, ನೆಲ ಅವನನ್ನು ವಾಪಸ್ ತಳ್ಳುತ್ತದೆ. ಶಾಲೆಯಲ್ಲಿ ಓದಿದ ನ್ಯೂಟನ್ನನ ಮೂರನೇ ನಿಯಮ ಅದೇ. ಪಾಚಿ ಕಟ್ಟಿದ ಕಲ್ಯಾಣಿ ಮೆಟ್ಟಿಲ ಮೇಲೆ ನಿಂತು ಯಾರಿಗಾದರೂ ಗುದ್ದಲು ಹೋದರೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಹೋಗಬೇಡಿ.

ಸೋವಿಯತ್ ಸಂಶೋಧಕರು 1985ರಲ್ಲಿ 120 ಬಾಕ್ಸರುಗಳ ಗುದ್ದನ್ನು ಬಿಡಿಸಿ ನೋಡಿ ಒಂದು ಲೆಕ್ಕ ಕೊಟ್ಟರು. ಪಳಗಿದ ಬಾಕ್ಸರುಗಳಲ್ಲಿ ಗುದ್ದಿಗೆ ಕಾಲಿನ ಪಾಲು ನೂರಕ್ಕೆ 38, ತೋಳಿನದು ಬರೀ 24. ಉಳಿದದ್ದು ಸೊಂಟ, ಬೆನ್ನು. ಕಲಿಯುವ ಹುಡುಗರಲ್ಲಿ ಇದು ತಿರುಗುಮುರುಗು: ಕಾಲಿನದು 17ರ ಹತ್ತಿರ, ತೋಳಿನದು 38. ಕಾಲು ಎಲ್ಲಿ ಮುಗಿಯಿತು, ಸೊಂಟ ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯುವುದು ಸಲೀಸಲ್ಲ, ಹಾಗಾಗಿ ಈ ಅಂಕಿಗಳನ್ನು ನಾನು ತೀರ ಗಟ್ಟಿಯಾಗಿ ಹಿಡಿಯುವುದಿಲ್ಲ. ಆದರೂ ಅಜ್ಜ ಹೇಳಿದ್ದಕ್ಕೆ ಇದು ತಾಳೆಯಾಗುತ್ತದೆ, ಅಲ್ವಾ?

ತೋಳೇ ಯಾಕೆ ಎಲ್ಲ ಕೆಲಸ ಮಾಡಬಾರದು? ಸ್ನಾಯುವಿನ ಸ್ವಭಾವವೇ ಅದಕ್ಕೆ ಅಡ್ಡ. ಯಾವುದೇ ಸ್ನಾಯು ಬೇಗ ಬೇಗ ಕುಗ್ಗಿದಷ್ಟೂ ಅದರ ಎಳೆತ ಕಡಿಮೆಯಾಗುತ್ತದೆ. ಆರ್ಕಿಬಾಲ್ಡ್ ಹಿಲ್ ಎಂಬ ವಿಜ್ಞಾನಿ 1938ರಲ್ಲಿ ಇದಕ್ಕೊಂದು ಸೂತ್ರ ಕೊಟ್ಟ. ವೇಗವೂ ಬೇಕು, ಬಲವೂ ಬೇಕು ಅಂದರೆ ಒಂದೇ ಸ್ನಾಯುವಿನಿಂದ ಆಗದು. ಅದಕ್ಕೇ ಮೈ ಒಂದು ಉಪಾಯ ಮಾಡುತ್ತದೆ. ತೊಡೆಯ ದೊಡ್ಡ ಸ್ನಾಯುಗಳು ನಿಧಾನವಾಗಿ, ಭಾರಿ ಬಲದಿಂದ ಶುರುಮಾಡುತ್ತವೆ. ಸೊಂಟ ತಿರುಗುತ್ತದೆ, ಭುಜ ಇನ್ನೂ ಹಿಂದೆಯೇ ಇರುತ್ತದೆ. ನಡುವಿನ ಮೈ ಹಗ್ಗದಂತೆ ಬಿಗಿಯಾಗಿ ಭುಜವನ್ನು ಎಳೆಯುತ್ತದೆ, ಭುಜ ತೋಳನ್ನು ಬೀಸುತ್ತದೆ. ಜೋಳದ ಹೊಲದಲ್ಲಿ ಕವಣೆ ಬೀಸಿ ಗಿಳಿ ಓಡಿಸುತ್ತಿದ್ದವರನ್ನು ನೆನೆಸಿಕೊಳ್ಳಿ. ಕವಣೆಗೆ ಸ್ವಂತ ಬಲ ಎಲ್ಲಿದೆ? ಬಾಕ್ಸರನ ತೋಳೂ ಮುಕ್ಕಾಲು ಪಾಲು ಕವಣೆಯೇ.

ಉಳಿದ ಕಾಲು ಪಾಲಿನ ಗುಟ್ಟು ಇನ್ನೂ ಚೆಂದ. 2010ರಲ್ಲಿ ಕೆನಡಾದ ಸ್ಟುವರ್ಟ್ ಮೆಕ್‌ಗಿಲ್ ತಂಡ ಪಳಗಿದ ಹೊಡೆದಾಟಗಾರರ ಮೈಗೆ ತಂತಿ ಅಂಟಿಸಿ ಸ್ನಾಯುಗಳ ವಿದ್ಯುತ್ತನ್ನು ದಾಖಲಿಸಿತು. ಏಟು ಹೊರಡುವಾಗ ಸ್ನಾಯುಗಳು ಒಮ್ಮೆ ಬಿಗಿಯಾದವು. ನಡುದಾರಿಯಲ್ಲಿ ಸಡಿಲ ಬಿಟ್ಟವು. ತಾಗುವ ಕ್ಷಣಕ್ಕೆ ಮತ್ತೆ ಬಿಗಿದವು. ಸಡಿಲ ಬಿಟ್ಟದ್ದಕ್ಕೆ ವೇಗ ಬಂತು, ಕೊನೆಗೆ ಬಿಗಿದದ್ದಕ್ಕೆ ತೂಕ ಬಂತು. ಆಗಲೇ ಕೇಳಿದೆನಲ್ಲ, ಆ ಎರಡೂವರೆ ಕೆಜಿ ಸೇರಿಕೊಳ್ಳುವುದು ಇಲ್ಲೇ. ಹೊಸಬರು ಮೊದಲಿನಿಂದ ಕೊನೆಯವರೆಗೂ ಹಲ್ಲು ಕಚ್ಚಿ ಬಿಗಿದೇ ಇರುತ್ತಾರೆ. ನಮ್ಮ ಹುಡುಗ ಕಾಯಿ ಕುಕ್ಕಿದ್ದೂ ಹಾಗೆಯೇ.

ಇದಿಷ್ಟು ಹೊಡೆಯುವವನ ಕತೆ. ಹೋಟೆಲಿನ ವಾದದಲ್ಲಿ ಯಾರಿಗೂ ನೆನಪಾಗದೆ ಹೋದವನು ಹೊಡೆಸಿಕೊಳ್ಳುವವನು.

ಗುದ್ದಿಗೆ ಮನುಷ್ಯ ಎಚ್ಚರ ತಪ್ಪುವುದು ನೋವಿನಿಂದಲ್ಲ. ತಿಪಟೂರಿನಲ್ಲಿ ಉಂಡೆ ಕೊಬ್ಬರಿಗೆಂದು ಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಇಡುತ್ತಾರೆ. ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಡುತ್ತದೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಅನ್ನುತ್ತದೆ. ಚಿಪ್ಪನ್ನು ಗಕ್ಕನೆ ತಿರುಗಿಸಿದರೆ ಒಳಗಿನ ಉಂಡೆ ಒಂದು ಗಳಿಗೆ ಇದ್ದಲ್ಲೇ ಇದ್ದು ಆಮೇಲೆ ತಿರುಗುತ್ತದೆ. ತಲೆಯೊಳಗಿನ ಮಿದುಳು ಹೀಗೆ ಲೊಡಲೊಡ ಅನ್ನುವುದಿಲ್ಲ, ಅದು ನೀರಿನಂಥ ದ್ರವದಲ್ಲಿ ತೇಲುತ್ತದೆ. ಆದರೆ ಹಿಂದೆ ಬೀಳುವ ಬುದ್ಧಿ ಮಾತ್ರ ಅದೇ. ಮಿದುಳು ಕೊಬ್ಬರಿಯ ಹಾಗೆ ಗಟ್ಟಿಯೂ ಅಲ್ಲ, ಎಳನೀರಿನ ಗಂಜಿಯ ಹಾಗೆ ಮೆತ್ತಗೆ. ತಲೆ ಗಕ್ಕನೆ ತಿರುಗಿದಾಗ ಹೊರಪದರ ಮೊದಲು, ಒಳಪದರ ಆಮೇಲೆ ಸಾಗಿ, ನಡುವಿನ ನರತಂತುಗಳು ಜಗ್ಗುತ್ತವೆ. ಆಕ್ಸ್‌ಫರ್ಡಿನ ಭೌತವಿಜ್ಞಾನಿ ಹೋಲ್‌ಬೋರ್ನ್ 1943ರಲ್ಲಿ ಮಿದುಳಿನ ಜಾಗಕ್ಕೆ ಜೆಲಟಿನ್ ಇಟ್ಟು ತೋರಿಸಿದ್ದು ಇದನ್ನೇ: ನೇರ ತಳ್ಳಾಟಕ್ಕಿಂತ ತಿರುಚಾಟ ಹೆಚ್ಚು ಅಪಾಯ.

ಅದಕ್ಕೇ ಗದ್ದಕ್ಕೆ ಅಷ್ಟು ಬೆಲೆ. ಗದ್ದ ಅಂದರೆ ತಲೆ ಎಂಬ ಉಂಡೆಗೆ ಜೋಡಿಸಿದ ಹಿಡಿ. ಅದರ ತುದಿಗೆ ಅಡ್ಡಲಾಗಿ ತಾಗಿದ ಸಾಧಾರಣ ಏಟು, ಹಣೆಗೆ ಬಿದ್ದ ಭಾರಿ ಏಟಿಗಿಂತ ಜಾಸ್ತಿ ಕೆಲಸ ಮಾಡಬಹುದು. ಏಟು ಬರುವುದು ಕಂಡರೆ ಕುತ್ತಿಗೆ ತಾನಾಗಿ ಬಿಗಿಯಾಗುತ್ತದೆ, ತಲೆ ಅಷ್ಟು ತಿರುಗುವುದಿಲ್ಲ. ಕಾಣದ ಏಟು ಕೆಡವುತ್ತದೆ. ಗ್ಲೌಸ್ ಇದನ್ನು ತಡೆಯುತ್ತದೆ ಅಂದುಕೊಂಡಿದ್ದೆ. ಮುಖ ಹರಿಯುವುದನ್ನು ಅದು ಸ್ವಲ್ಪ ತಡೆಯುತ್ತದೆ, ಕೈಯ 27 ಮೂಳೆಗಳನ್ನು ಚೆನ್ನಾಗಿ ಕಾಯುತ್ತದೆ. ಮಿದುಳಿಗೆ ಅದರಿಂದ ಅಂಥ ಉಪಕಾರ ಇಲ್ಲ. ಮೂಳೆ ಮುರಿಯುವ ಭಯ ಇಲ್ಲದ ಕೈ ತಲೆಗೆ ಇನ್ನೂ ಧಾರಾಳವಾಗಿ ಹೊಡೆಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಹುಡುಗರಿಗೆ ಒಂದು ಹೆಸರು ಬೇಕಿತ್ತು. ಗೆಳೆಯ ಈಗ ಡಿಯೊಂಟೆ ವೈಲ್ಡರ್‌ನನ್ನು ತಂದ. ನಿಜ, ಅವನು ವಿಚಿತ್ರ. 2018ರ ಡಿಸೆಂಬರ್‌ನಲ್ಲಿ ಸುಮಾರು 96 ಕೆಜಿ ತೂಗುತ್ತಿದ್ದ ವೈಲ್ಡರ್, ತನಗಿಂತ 20 ಕೆಜಿ ಹೆಚ್ಚಿದ್ದ ಟೈಸನ್ ಫ್ಯೂರಿಯನ್ನು (ಇವನು ಬೇರೆ ಟೈಸನ್) ಕೊನೆಯ ಸುತ್ತಿನಲ್ಲಿ ಅಂಗಾತ ಮಲಗಿಸಿದ. ಅವನ ಕಾಲುಗಳೋ ಕೊಕ್ಕರೆ ಕಾಲು. ಕಾಲಿನಿಂದ ಗುದ್ದು ಬರುತ್ತದೆ ಅಂದರೆ ದಪ್ಪ ಕಾಲೇ ಬೇಕು ಅಂತಲ್ಲ. ಉದ್ದ ತೋಳು, ಚುರುಕು ಸ್ನಾಯು ಹುಟ್ಟಿನಿಂದ ಬಂದರೆ ಅದೂ ಬಂಡವಾಳವೇ. ಆದರೆ ಅವತ್ತು ಫ್ಯೂರಿ ಎದ್ದು ಕೂತ, ನಿಂತ, ಪಂದ್ಯ ಸಮವಾಯಿತು.

ನನ್ನ ಓಟು ಅರ್ನಿ ಶೇವರ್ಸ್‌ಗೆ ಅಂದೆ. ಹುಡುಗರಿಬ್ಬರೂ ಆ ಹೆಸರೇ ಕೇಳಿರಲಿಲ್ಲ. ನನ್ನ ಸಾಕ್ಷಿ ಲ್ಯಾರಿ ಹೋಮ್ಸ್. 1979ರಲ್ಲಿ ಶೇವರ್ಸ್ ಅವನನ್ನು ಏಳನೇ ಸುತ್ತಿನಲ್ಲಿ ಕೆಡವಿದ, ಹೋಮ್ಸ್ ಎದ್ದು ಕೊನೆಗೆ ಗೆದ್ದ. 1988ರಲ್ಲಿ ಇದೇ ಹೋಮ್ಸ್‌ನನ್ನು ಟೈಸನ್ ನಾಲ್ಕನೇ ಸುತ್ತಿನಲ್ಲಿ ಮುಗಿಸಿದ. ಇಬ್ಬರ ಗುದ್ದನ್ನೂ ತಿಂದವನು, ಆದರೂ ಜೋರು ಯಾರದು ಅಂದರೆ ಶೇವರ್ಸ್ ಅನ್ನುತ್ತಾನೆ. ಯಂತ್ರದ ಅಂಕಿಗಿಂತ ನನಗೆ ಈ ಗದ್ದದ ಮಾತಿನಲ್ಲೇ ನಂಬಿಕೆ.

"ಹಾಗಾದರೆ ಶೇವರ್ಸ್ ಚಾಂಪಿಯನ್ ಆದನಾ ಮಾವ?" ಅಂದ ಅಕ್ಕನ ಮಗ.

ಆಗಲಿಲ್ಲ. 1977ರಲ್ಲಿ ಚಾಂಪಿಯನ್ ಮುಹಮ್ಮದ್ ಅಲಿ ಎದುರು 15 ಸುತ್ತೂ ಹೊಡೆದ. 35 ವರ್ಷದ ಅಲಿ ತಿಂದುಕೊಂಡೇ ನಿಂತ, ಪಾಯಿಂಟ್ ಮೇಲೆ ಗೆದ್ದ.

"ಅಂದ್ರೆ ಅಲಿ ಗದ್ದ ಗಟ್ಟಿನಾ, ಇವನ ಗುದ್ದು ಮೆತ್ತಗಾ?"

ಅಷ್ಟರಲ್ಲಿ ಬಿಲ್ ಬಂತು. ಅದನ್ನು ಕೊಡುವವರು ಯಾರು ಅನ್ನುವುದರಲ್ಲಿ ಹುಡುಗರಿಬ್ಬರಿಗೂ ಒಂದೇ ಅಭಿಪ್ರಾಯ ಇತ್ತು.