ಬಡ್ಡಿ ಇಳಿಯುತ್ತದೆ ಅಂತ ಎಫ್‌ಡಿ ಮುರಿದು ಬ್ಯಾಂಕ್ ಷೇರು ತಗೊಳ್ಬಹುದಾ?

ಉಡುಪಿಯ ಓದುಗರೊಬ್ಬರ ಪ್ರಶ್ನೆ: "ಮುಂದಿನ ವಾರ ಆರ್‌ಬಿಐ ಮೀಟಿಂಗ್ ಇದೆ. ರೆಪೋ ದರ (ಬ್ಯಾಂಕುಗಳಿಗೆ ಆರ್‌ಬಿಐ ಕೊಡುವ ಸಾಲದ ಬಡ್ಡಿ) ಇಳಿಯುವುದು ಗ್ಯಾರಂಟಿ ಅಂತ ಟಿವಿಯಲ್ಲೂ ಹೇಳ್ತಾರೆ, ಮಣಿಪಾಲದಲ್ಲಿರುವ ನಮ್ಮ ಭಾವನೂ ಹೇಳ್ತಾರೆ. ಎಫ್‌ಡಿ ಮುರಿದು ಬ್ಯಾಂಕ್ ಷೇರು ತಗೊಂಡ್ರೆ ಹೇಗೆ?"

ಬೇಡ ಮಾರಾಯ್ರೇ, ದಯವಿಟ್ಟು ಎಫ್‌ಡಿ ಮುರಿಯಬೇಡಿ.

ಟಿವಿಯಲ್ಲಿ ಬಂದದ್ದು ನಿಮಗೊಬ್ಬರಿಗೇ ಗೊತ್ತಾದ ಸುದ್ದಿ ಅಲ್ಲ ಅಲ್ವಾ? ಮ್ಯೂಚುವಲ್ ಫಂಡ್‌ನವರು, ಬಾಂಡ್ ಡೀಲರ್‌ಗಳು ಎಲ್ಲ ಮೊದಲೇ ಲೆಕ್ಕ ಹಾಕಿ ಖರೀದಿ ಮಾಡಿರುತ್ತಾರೆ, ಹಾಗಾಗಿ ಎಲ್ಲರೂ ಕಾಯುತ್ತಿರುವ ಕಾಲು ಪರ್ಸೆಂಟ್ ಇಳಿಕೆ ಇವತ್ತಿನ ಷೇರು ಬೆಲೆಯಲ್ಲಿ ಆಗಲೇ ಸೇರಿರುತ್ತದೆ. ಅಷ್ಟೇ ಇಳಿದರೆ ಮಾರ್ಕೆಟ್ ಅಲ್ಲಾಡದೆಯೂ ಇರಬಹುದು. ಇಳಿಸದಿದ್ದರೆ ಪೆಟ್ಟು.

ಬೆಲೆ ಜೋರಾಗಿ ಓಡುವುದು ಯಾರೂ ಎಣಿಸದ್ದು ನಡೆದಾಗ. 2025ರ ಜೂನ್‌ನಲ್ಲಿ ಹೆಚ್ಚಿನವರು ಕಾಲು ಪರ್ಸೆಂಟ್ ಅಂದುಕೊಂಡಿದ್ದರು, ಆರ್‌ಬಿಐ ಅರ್ಧ ಪರ್ಸೆಂಟ್ ಇಳಿಸಿ ರೆಪೋವನ್ನು 5.50ಕ್ಕೆ ತಂದಿತು, ಷೇರುಪೇಟೆ ಜಿಗಿಯಿತು. 2022ರ ಮೇ 4ರಂದು ಆದದ್ದು ಉಲ್ಟಾ. ಮೊದಲೇ ನಿಗದಿಯಾದ ಮೀಟಿಂಗ್ ಕೂಡ ಇರಲಿಲ್ಲ, ದಿಢೀರ್ ಅಂತ 4ರಿಂದ 4.40ಕ್ಕೆ ಏರಿಸಿದರು, ಅದೇ ದಿನ ಸೆನ್ಸೆಕ್ಸ್ 1,300 ಅಂಕ ಬಿತ್ತು. ಇಂಥದ್ದನ್ನು ಭಾವ ಮೊದಲೇ ಹೇಳಲು ಆಗುವುದಿಲ್ಲ, ನಾನೂ ಹೇಳಲಾರೆ.

ನಮ್ಮ ಕಡೆ ಬ್ಯಾಂಕ್ ಷೇರೆಂದರೆ ಮನೆಯದ್ದೇ ಎಂಬ ಪ್ರೀತಿ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಬ್ಯಾಂಕ್ ಎಲ್ಲ ಹುಟ್ಟಿದ್ದು ಇಲ್ಲೇ ತಾನೇ. ಆದರೆ ದರ ಇಳಿದರೆ ಬ್ಯಾಂಕಿಗೆ ಲಾಭ ಅನ್ನುವುದು ಅಷ್ಟು ಸರಳವಲ್ಲ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಕೊಡುವ ಹೊಸ ಫ್ಲೋಟಿಂಗ್ ಗೃಹಸಾಲಗಳನ್ನು ರೆಪೋದಂಥ ಹೊರಗಿನ ದರಕ್ಕೆ ಜೋಡಿಸಲೇಬೇಕು, ಹಾಗಾಗಿ ಸಾಲದ ಬಡ್ಡಿ ಬೇಗ ಇಳಿಯುತ್ತದೆ. ಹಳೇ ಡೆಪಾಸಿಟ್‌ಗಳಿಗೆ ಮಾತ್ರ ಒಪ್ಪಿದ ಬಡ್ಡಿಯನ್ನು ಅವಧಿ ಮುಗಿಯುವ ತನಕ ಕೊಡಬೇಕು. ಸ್ವಲ್ಪ ಕಾಲ ಬ್ಯಾಂಕಿನ ಮಾರ್ಜಿನ್ ಸವೆಯುತ್ತದೆ.

ಆ ಹಳೇ ಡೆಪಾಸಿಟ್‌ಗಳಲ್ಲಿ ನಿಮ್ಮದೂ ಒಂದು! ದರ ಇಳಿಯುವುದು ಖಂಡಿತ ಅಂತ ನೀವು ನಂಬಿದ್ದರೆ, ಇನ್ನು ಹೊಸಬರಿಗೆ ಸಿಗದ ಬಡ್ಡಿ ಈಗ ನಿಮ್ಮ ಕೈಯಲ್ಲಿದೆ. ಅದನ್ನೇ ಯಾಕೆ ಬಿಟ್ಟುಕೊಡುತ್ತೀರಿ? ಮಧ್ಯದಲ್ಲಿ ಮುರಿದರೆ ಸಾಮಾನ್ಯವಾಗಿ ಹಣ ಇದ್ದಷ್ಟು ಅವಧಿಯ ದರ ಮಾತ್ರ ಕೊಡುತ್ತಾರೆ, ಅದರಲ್ಲೂ ದಂಡ ಹಿಡಿಯುತ್ತಾರೆ.

ಷೇರು ಬೇಕೇ ಬೇಕು ಅಂತಿದ್ದರೆ ಹೊಸ ಉಳಿತಾಯದಿಂದ ಸ್ವಲ್ಪ ಸ್ವಲ್ಪವಾಗಿ ತಗೊಳ್ಳಿ, ಮೀಟಿಂಗ್ ದಿನಾಂಕ ನೋಡಿ ಅಲ್ಲ. ಮನೆ ಸಾಲ ಇದ್ದರೆ ಅದು ರೆಪೋಗೆ ಜೋಡಿಸಿದ್ದಾ, ಇನ್ನೂ ಹಳೇ ಎಂಸಿಎಲ್‌ಆರ್‌ನಲ್ಲೇ (ಬ್ಯಾಂಕ್ ತನ್ನದೇ ಖರ್ಚು ನೋಡಿ ಲೆಕ್ಕ ಹಾಕುವ ದರ) ಇದೆಯಾ ಅಂತ ಬ್ರಾಂಚಿನಲ್ಲಿ ಒಮ್ಮೆ ಕೇಳಿ. ರೆಪೋಗೆ ಜೋಡಿಸಿದ ಸಾಲದ ಬಡ್ಡಿಯನ್ನು ಮೂರು ತಿಂಗಳಿಗೊಮ್ಮೆಯಾದರೂ ಪರಿಷ್ಕರಿಸಬೇಕು ಎಂಬ ನಿಯಮವಿದೆ.