ಅಬ್ಸ್ಟಕಲ್ ರೇಸ್‌ಗೆ ಗುಡ್ಡದ ಇಳಿಜಾರೇ ಮೇಷ್ಟ್ರು

ಅಬ್ಸ್ಟಕಲ್ ರೇಸ್‌ನ ಫೋಟೋಗಳಲ್ಲಿ ಕಾಣೋದು ಗೋಡೆ ಹತ್ತುವವರು, ಹಗ್ಗಕ್ಕೆ ಜೋತುಬಿದ್ದವರು, ಮುಳ್ಳುತಂತಿಯ ಕೆಳಗೆ ಕೆಸರಲ್ಲಿ ತೆವಳುವವರು. ಹಾಗಾಗಿ ಮೊದಲ ಸಲ ಹೆಸರು ಕೊಟ್ಟವರು ಸೀದಾ ಜಿಮ್‌ಗೆ ಹೋಗಿ ಪುಲ್‌ಅಪ್ ಶುರು ಮಾಡುತ್ತಾರೆ. ತಪ್ಪೇನಿಲ್ಲ. ಆದರೆ ಸ್ವಲ್ಪ ಲೆಕ್ಕ ಹಾಕಿ ನೋಡಿ. ಸ್ಪಾರ್ಟನ್ ರೇಸ್ ಅನ್ನುವ ಹೆಸರಾಂತ ರೇಸ್ ಸರಣಿಯ ‘ಬೀಸ್ಟ್’ ಅಂದರೆ 21 ಕಿಲೋಮೀಟರ್, 30 ಅಡೆತಡೆ. ಒಂದೊಂದಕ್ಕೆ ಎರಡು ನಿಮಿಷ ಅಂತ ಹಿಡಿದರೂ ಒಂದು ಗಂಟೆ ಆಯಿತು. ಉಳಿದ ಮೂರೋ ನಾಲ್ಕೋ ಗಂಟೆ ಮಾಡೋದು ಒಂದೇ ಕೆಲಸ: ಗುಡ್ಡ ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಎಷ್ಟೋ ರೇಸ್‌ಗಳನ್ನು ಬೇಕಂತಲೇ ಸ್ಕೀ ಆಡುವ ಬೆಟ್ಟಗಳಲ್ಲಿ ಇಡುತ್ತಾರೆ. ಸಪಾಟು ಜಾಗದಲ್ಲಿ ಗೋಡೆ ಕಟ್ಟಿದರೆ ಜನ ಅಷ್ಟು ಒದ್ದಾಡೋದಿಲ್ಲ, ಅದು ಆಯೋಜಕರಿಗೂ ಗೊತ್ತು.

ಈ ಆಟಕ್ಕೆ ವಯಸ್ಸೇನೂ ಜಾಸ್ತಿ ಆಗಿಲ್ಲ. ಇಂಗ್ಲೆಂಡಿನಲ್ಲಿ ‘ಟಫ್ ಗೈ’ ಶುರುವಾಗಿದ್ದು 1987ರಲ್ಲಿ. ಅಮೆರಿಕದಲ್ಲಿ ಸ್ಪಾರ್ಟನ್ ರೇಸ್, ಟಫ್ ಮಡರ್ ಎರಡೂ 2010ರಲ್ಲಿ ಹುಟ್ಟಿದವು. ಈಗ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಮಾಡರ್ನ್ ಪೆಂಟಾಥ್ಲಾನ್ ಅನ್ನುವ ಐದು ಆಟಗಳ ಸ್ಪರ್ಧೆಯಲ್ಲಿ ಕುದುರೆ ಸವಾರಿಯ ಜಾಗಕ್ಕೆ ಅಡೆತಡೆ ಓಟ ಬರುತ್ತಿದೆ. ಆದರೆ ಅದು ನೂರು ಮೀಟರ್ ಒಳಗೆ ಮುಗಿದುಹೋಗುವ ಆಟ. ಅದಕ್ಕೆ ಗುಡ್ಡ ಬೇಡ. ನಾನು ಹೇಳುತ್ತಿರೋದು ಗಂಟೆಗಟ್ಟಲೆ ನಡೆಯುವ, ಬೆಟ್ಟದ ಮೇಲಿನ ರೇಸ್‌ಗಳ ವಿಷಯ.

ಅವುಗಳಿಗೆ ತಯಾರಾಗಲು ವಸಂತಕಾಲದ ಗುಡ್ಡ ನಡಿಗೆಯಷ್ಟು ಒಳ್ಳೆಯ, ಅಷ್ಟೇ ಸುಲಭವಾಗಿ ಸಿಗುವ ದಾರಿ ಇನ್ನೊಂದಿಲ್ಲ ಅನ್ನೋದು ನನ್ನ ಅಭಿಪ್ರಾಯ. ಅದಕ್ಕೆ ಕಾರಣ ಎಲ್ಲರೂ ಅಂದುಕೊಳ್ಳುವ ಏರು ಅಲ್ಲ, ಇಳಿಜಾರು.

ಮೊದಲು ಏರಿನ ವಿಷಯ ಮುಗಿಸಿಬಿಡೋಣ. 70 ಕಿಲೋ ತೂಕದವರು 300 ಮೀಟರ್ ಮೇಲಕ್ಕೆ ಹತ್ತಿದರೆ, ದೇಹವನ್ನು ಎತ್ತುವ ಕೆಲಸ ಸುಮಾರು 50 ಕಿಲೋಕ್ಯಾಲೊರಿ. ಸ್ನಾಯುಗಳ ದಕ್ಷತೆ ಕಾಲು ಭಾಗದಷ್ಟೇ ಇರುವುದರಿಂದ ನಿಜವಾದ ಖರ್ಚು 200ರ ಹತ್ತಿರ ಹೋಗುತ್ತದೆ. ಉಳಿದ ಮುಕ್ಕಾಲು ಶಾಖವಾಗಿ ಹೋಗುತ್ತದೆ. ಚಳಿ ಬೆಳಿಗ್ಗೆ ಜಾಕೆಟ್ ಹಾಕಿಕೊಂಡು ಹೊರಟವರು ಹತ್ತೇ ನಿಮಿಷದಲ್ಲಿ ಅದನ್ನು ಬಿಚ್ಚಿ ಸೊಂಟಕ್ಕೆ ಕಟ್ಟೋದು ಇದಕ್ಕೇ. 2002ರಲ್ಲಿ ಇಟಲಿಯ ಆಲ್ಬರ್ಟೊ ಮಿನೆಟ್ಟಿ ಮತ್ತು ಜೊತೆಗಾರರು ಟ್ರೆಡ್‌ಮಿಲ್ ಅನ್ನು ಎರಡೂ ಕಡೆಗೆ ಶೇ. 45ರವರೆಗೆ (ನೂರು ಮೀಟರ್ ಮುಂದೆ ಹೋದರೆ 45 ಮೀಟರ್ ಏರು ಅಥವಾ ಇಳಿತ) ವಾಲಿಸಿ ಬೆಟ್ಟದ ಓಟಗಾರರನ್ನು ಓಡಿಸಿ, ನಡೆಸಿ ಅಳತೆ ಮಾಡಿದರು. ಅಷ್ಟು ಕಡಿದಾದ ಏರಿನಲ್ಲಿ ನಡೆಯೋದಕ್ಕೆ ಸಪಾಟು ನೆಲದ ಹತ್ತು ಪಟ್ಟು ಶಕ್ತಿ ಬೇಕಾಯಿತು. ಇನ್ನೊಂದು ವಿಷಯ: ಕಡಿದಾದ ಏರಿನಲ್ಲಿ ಓಡುವುದಕ್ಕಿಂತ ಜೋರಾಗಿ ನಡೆಯೋದೇ ಲಾಭ. ಕೊಲೊರಾಡೊದಲ್ಲಿ 2016ರಲ್ಲಿ ಮಾಡಿದ ಅಳತೆಯಲ್ಲಿ, ಒಂದೇ ವೇಗದಲ್ಲಿ ಮೇಲೇರುವಾಗ, ಸುಮಾರು 16 ಡಿಗ್ರಿಗಿಂತ ಕಡಿದಾದ ಕಡೆ ನಡೆದವರಿಗೆ ಶಕ್ತಿ ಉಳಿಯಿತು. ಆದ್ದರಿಂದ ರೇಸ್‌ನಲ್ಲಿ ಏರು ಬಂದಾಗ ನಡೆದರೆ ನಾಚಿಕೆ ಪಡಬೇಕಾಗಿಲ್ಲ. ಗುಡ್ಡ ನಡಿಗೆ ಅನ್ನೋದು ರೇಸ್‌ನಲ್ಲಿ ನೀವು ಮಾಡುವ ಕೆಲಸವೇ.

ಇಷ್ಟನ್ನು ಟ್ರೆಡ್‌ಮಿಲ್ ಏರಿಸಿಯೂ ಮಾಡಬಹುದು, ಅಲ್ವಾ? ಮಾಡಬಹುದು. ಆದರೆ ಸಾಮಾನ್ಯ ಜಿಮ್‌ನ ಟ್ರೆಡ್‌ಮಿಲ್ ಮೇಲಕ್ಕೆ ವಾಲುತ್ತದೆಯೇ ಹೊರತು ಕೆಳಕ್ಕೆ ಹೆಚ್ಚು ವಾಲೋದಿಲ್ಲ. ಮೆಟ್ಟಿಲು ಹತ್ತುವ ಮಷೀನ್‌ನಲ್ಲಿ ಇಳಿಯುವ ಮೆಟ್ಟಿಲೇ ಇಲ್ಲ. ಗುಡ್ಡದಲ್ಲಿ ಮಾತ್ರ ಹತ್ತಿದ್ದಷ್ಟನ್ನೂ ಇಳಿಯಲೇಬೇಕು.

ಇಳಿಯೋದರಲ್ಲಿ ಏನಿದೆ ಅಂತ ತಿಳಿಯಲು 1952ರ ಒಂದು ಪ್ರಯೋಗ ನೋಡಬೇಕು. ಇಂಗ್ಲೆಂಡಿನಲ್ಲಿ ಅಬಾಟ್, ಬಿಗ್‌ಲ್ಯಾಂಡ್, ರಿಚಿ ಅನ್ನುವ ಮೂವರು ಎರಡು ಸೈಕಲ್‌ಗಳನ್ನು ಬೆನ್ನಿಗೆ ಬೆನ್ನು ಮಾಡಿ ನಿಲ್ಲಿಸಿ ಒಂದೇ ಚೈನ್‌ನಿಂದ ಜೋಡಿಸಿದರು. ಒಬ್ಬರು ಮುಂದಕ್ಕೆ ತುಳಿಯಬೇಕು. ಇನ್ನೊಬ್ಬರು ಹಿಂದಕ್ಕೆ ತಿರುಗುವ ಪೆಡಲ್‌ಗಳನ್ನು ತಡೆಯಬೇಕು. ಇಬ್ಬರ ಮೇಲೂ ಬೀಳುವ ಬಲ ಒಂದೇ. ಆದರೆ ತಡೆಯುವವರಿಗೆ ಬೇಕಾದ ಆಕ್ಸಿಜನ್, ತುಳಿಯುವವರಿಗಿಂತ ಎಷ್ಟೋ ಕಡಿಮೆ. ಇದನ್ನು ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಎಲ್ಲರ ಮುಂದೆ ಮಾಡಿ ತೋರಿಸಿದಾಗ ತಡೆಯಲು ಕೂತವರು ಒಬ್ಬ ಯುವತಿ, ತುಳಿಯಲು ಕೂತವನು ಒಬ್ಬ ಯುವಕ. ಸ್ವಲ್ಪ ಹೊತ್ತಿಗೇ ಅವನು ಸುಸ್ತಾಗಿ ಹೋದ. ಆಕೆಗೆ ಹೆಚ್ಚೇನೂ ಶ್ರಮ ಆಗಿರಲಿಲ್ಲ. ನೋಡಿದವರಿಗೆಲ್ಲ ಭಾರೀ ಖುಷಿಯಾಯಿತಂತೆ.

ಇಳಿಯುವಾಗ ನಿಮ್ಮ ತೊಡೆ ಮಾಡೋದೂ ಆ ಯುವತಿಯ ಕೆಲಸವನ್ನೇ. ಒಂದು ಹೆಜ್ಜೆಯನ್ನು ನಿಧಾನವಾಗಿ ನೋಡೋಣ. ಮುಂದಿನ ಕಾಲು ಕೆಳಗಿನ ಕಲ್ಲಿನ ಮೇಲೆ ಇಳಿಯುತ್ತದೆ. ದೇಹದ ಪೂರ್ತಿ ಭಾರ ಅದರ ಮೇಲೆ ಬರುತ್ತದೆ. ಮೊಣಕಾಲು ಮಡಚುತ್ತದೆ. ಅದು ಪೂರಾ ಮಡಚಿ ನೀವು ಕುಸಿದು ಬೀಳದಂತೆ ತೊಡೆಯ ಮುಂಭಾಗದ ಸ್ನಾಯು ಎಳೆದು ಹಿಡಿಯುತ್ತದೆ. ಸ್ನಾಯು ಕುಗ್ಗಲು ನೋಡುತ್ತಿದೆ, ಭಾರ ಅದನ್ನು ಉದ್ದ ಮಾಡುತ್ತಿದೆ. ಎಳೆತದಲ್ಲಿರುವಾಗಲೇ ಉದ್ದವಾಗುವ ಈ ಕೆಲಸದಲ್ಲಿ ಸ್ನಾಯು ಕಡಿಮೆ ಇಂಧನಕ್ಕೆ ಜಾಸ್ತಿ ಬಲ ಕೊಡುತ್ತದೆ. ಹಾಗಾಗಿ ಉಸಿರು ಕಟ್ಟೋದಿಲ್ಲ. ಮಿನೆಟ್ಟಿಯವರ ಲೆಕ್ಕದಲ್ಲೂ ಶೇ. 10ರಷ್ಟು ಇಳಿಜಾರಿನಲ್ಲಿ ನಡೆಯುವ ಖರ್ಚು ಸಪಾಟು ನೆಲದ ಅರ್ಧದಷ್ಟೇ. ಇಳಿಜಾರು ಅದಕ್ಕಿಂತ ಕಡಿದಾದರೆ ಮಾತ್ರ ಖರ್ಚು ಮತ್ತೆ ಏರುತ್ತದೆ.

ಉಸಿರು ಉಳಿಯಿತು, ಸರಿ. ಬೆಲೆ ಬೇರೆ ಕಡೆ ಕಟ್ಟಬೇಕು. ಸ್ನಾಯುವಿನ ಒಂದೊಂದು ಎಳೆಯಲ್ಲೂ ಸಾರ್ಕೊಮಿಯರ್ ಅನ್ನುವ ಸಾವಿರಾರು ಸಣ್ಣ ಘಟಕಗಳು ಸಾಲಾಗಿರುತ್ತವೆ, ಪ್ರತಿಯೊಂದೂ ಒಂದು ಮಿಲಿಮೀಟರ್‌ನ ನಾನೂರನೇ ಒಂದು ಭಾಗದಷ್ಟು. ಅದರೊಳಗೆ ಎರಡು ಬಗೆಯ ತಂತುಗಳು ಎರಡು ಕೈಗಳ ಬೆರಳು ಹೆಣೆದ ಹಾಗೆ ಒಂದರೊಳಗೊಂದು ಹೋಗಿರುತ್ತವೆ. ಭಾರ ಎಳೆದಾಗ ದುರ್ಬಲವಾದ ಕೆಲವು ಘಟಕಗಳು ಅತಿಯಾಗಿ ಹಿಗ್ಗಿ, ಆ ಹೆಣಿಗೆ ಬಿಟ್ಟುಕೊಳ್ಳುತ್ತದೆ. ನೂರಾರು ಹೆಜ್ಜೆ ಇಳಿಯುವಷ್ಟರಲ್ಲಿ ಇಂಥ ಹರಕುಗಳು ಕೂಡುತ್ತಾ ಹೋಗುತ್ತವೆ. ಆಗ ನಿಮಗೆ ಏನೂ ಗೊತ್ತಾಗೋದಿಲ್ಲ. ಗೊತ್ತಾಗೋದು ಮಾರನೇ ದಿನ ಬೆಳಿಗ್ಗೆ ಕುರ್ಚಿಯಿಂದ ಏಳುವಾಗ, ಅದಕ್ಕಿಂತ ಜಾಸ್ತಿ ಮೆಟ್ಟಿಲು ಇಳಿಯುವಾಗ. ಈ ತಡವಾದ ನೋವನ್ನು ಥಿಯೋಡರ್ ಹಾಫ್ ಎನ್ನುವವರು 1902ರಲ್ಲೇ ವಿವರಿಸಿ, ಸ್ನಾಯುವಿನೊಳಗಿನ ಹರಕೇ ಕಾರಣ ಇರಬೇಕು ಅಂದಿದ್ದರು. ಆದರೂ ‘ಲ್ಯಾಕ್ಟಿಕ್ ಆಸಿಡ್ ತುಂಬಿಕೊಂಡಿದೆ’ ಅನ್ನುವ ಮಾತು ಇನ್ನೂ ಓಡಾಡುತ್ತಲೇ ಇದೆ. ಆ ಲ್ಯಾಕ್ಟೇಟ್ ಒಂದೆರಡು ಗಂಟೆಯಲ್ಲಿ ರಕ್ತದಿಂದ ಖಾಲಿಯಾಗಿರುತ್ತದೆ. ಅದೂ ಅಲ್ಲದೆ ಲ್ಯಾಕ್ಟೇಟ್ ಜಾಸ್ತಿ ಆಗೋದು ಹತ್ತುವಾಗ, ನೋವು ಕೊಡೋದು ಇಳಿದದ್ದು.

ಬರೀ ನೋವಾದರೆ ತಡೆದುಕೊಳ್ಳಬಹುದು. ಇಂಥ ಹೊಡೆತ ತಿಂದ ತೊಡೆಯ ಬಲವೂ ಆ ಕ್ಷಣದಿಂದಲೇ ಇಳಿಯುತ್ತದೆ. ರೇಸ್‌ನ ಕೊನೆಯ ಭಾಗದಲ್ಲಿ ಗೋಡೆ ಹಾರಲು ಕಾಲು ಚಿಮ್ಮೋದಿಲ್ಲ, ಎಂಟು ಅಡಿ ಗೋಡೆಯಿಂದ ಕೆಳಗೆ ಹಾರಿದಾಗ ಮೊಣಕಾಲು ನಡುಗುತ್ತದೆ. ಪುಲ್‌ಅಪ್‌ನಲ್ಲಿ ಎಷ್ಟೇ ಗಟ್ಟಿಗರಾಗಿದ್ದರೂ ಗೋಡೆಯ ಅಂಚಿಗೆ ಕೈ ತಲುಪಿಸಬೇಕಾದದ್ದು ಕಾಲೇ ತಾನೇ?

ಇಲ್ಲೇ ಒಂದು ಒಳ್ಳೆಯ ಸುದ್ದಿ ಇದೆ. ಒಮ್ಮೆ ಹೀಗೆ ಪೆಟ್ಟು ತಿಂದ ಸ್ನಾಯು ಎರಡನೇ ಸಲ ಅದೇ ಇಳಿಜಾರಿಗೆ ಅಷ್ಟು ಕೆಡೋದಿಲ್ಲ. ಒಂದೇ ಒಂದು ಸಲ ಮಾಡಿದರೂ ಈ ರಕ್ಷಣೆ ವಾರಗಟ್ಟಲೆ ಉಳಿಯುತ್ತದೆ, ಕೆಲವು ಪ್ರಯೋಗಗಳಲ್ಲಿ ತಿಂಗಳುಗಟ್ಟಲೆ ಉಳಿದಿದೆ. ನರಗಳು ಭಾರವನ್ನು ಹೆಚ್ಚು ಎಳೆಗಳಿಗೆ ಹಂಚುವುದು, ಎಳೆಗಳ ಸುತ್ತಲಿನ ಹೊದಿಕೆ ಗಟ್ಟಿಯಾಗುವುದು, ಸಾಲಿಗೆ ಹೊಸ ಸಾರ್ಕೊಮಿಯರ್‌ಗಳು ಸೇರುವುದು, ಹೀಗೆ ಕಾರಣ ಹಲವು. ಇನ್ನೂ ಖುಷಿಯ ವಿಷಯ ಅಂದರೆ ಮೊದಲ ಸಲ ನರಳಲೇಬೇಕು ಅಂತೇನಿಲ್ಲ. ಸಣ್ಣ ಗುಡ್ಡ, ಹಗುರ ಇಳಿಜಾರಿನಿಂದಲೂ ಸ್ವಲ್ಪ ರಕ್ಷಣೆ ಸಿಗುತ್ತದೆ. ವಸಂತದಲ್ಲಿ ಸಣ್ಣದಾಗಿ ಶುರು ಮಾಡಿ ವಾರಕ್ಕೊಂದು ಗುಡ್ಡ ಅಂತ ಇಟ್ಟುಕೊಂಡರೆ ಬೇಸಿಗೆಯ ಅಥವಾ ಅದರ ಆಚೆಗಿನ ರೇಸ್ ಹೊತ್ತಿಗೆ ಕಾಲು ಆ ಕೆಲಸಕ್ಕೆ ಒಗ್ಗಿರುತ್ತದೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್‌ಗಳಿಗೆ ಇನ್ನೂ ಹೆಚ್ಚು ಸಮಯ ಬೇಕು. ಸ್ನಾಯು ಕೆಲವೇ ವಾರಗಳಲ್ಲಿ ಬಲ ತೋರಿಸಿದರೆ ಟೆಂಡನ್ ತಿಂಗಳುಗಳನ್ನು ಕೇಳುತ್ತದೆ. ರೇಸ್‌ಗೆ ಮೂರು ವಾರ ಇದೆ ಅಂದಾಗ ಗುಡ್ಡಕ್ಕೆ ಓಡುವವರ ಹಿಮ್ಮಡಿ, ಮೊಣಕಾಲು ಹಿಡಿದುಕೊಳ್ಳುವುದು ಇದರಿಂದಲೇ.

ಇಳಿಯುವ ರೀತಿಯನ್ನೂ ಕಲಿಯಬೇಕು. ಹೆಜ್ಜೆ ಚಿಕ್ಕದಿರಲಿ. ಮೊಣಕಾಲು ನೆಟ್ಟಗೆ ಬೇಡ. ಜಾರುವ ಭಯಕ್ಕೆ ಹಿಂದಕ್ಕೆ ವಾಲಿದರೆ ಹಿಮ್ಮಡಿ ಮೇಲೆ ಭಾರ ಬಿದ್ದು ಇನ್ನೂ ಬೇಗ ಜಾರುತ್ತೀರಿ. ಕಣ್ಣು ಕಾಲಬುಡದಲ್ಲಿ ಬೇಡ, ಮೂರ್ನಾಲ್ಕು ಹೆಜ್ಜೆ ಮುಂದಿರಲಿ.

ವಸಂತದ ನೆಲವೇ ಬೇರೆ. ಹಿಮ ಬೀಳುವ ಕಡೆ ಅದು ಕರಗುತ್ತಿರುತ್ತದೆ, ಉಳಿದ ಕಡೆ ಮಳೆಗೆ ಮಣ್ಣು ಮೆತ್ತಗಾಗಿರುತ್ತದೆ, ತೊರೆಗಳು ತುಂಬಿರುತ್ತವೆ. ಸುಮ್ನೆ ನಡೆಯೋಣ ಅಂತ ಹೋದವರಿಗೆ ಇದು ರೇಜಿಗೆ, ರೇಸ್‌ಗೆ ತಯಾರಾಗುವವರಿಗೆ ಬೇಕಾದದ್ದೇ ಇದು. ಅಮೆರಿಕದ ಸೇನೆಗಾಗಿ ಕೆಲಸ ಮಾಡಿದ ಪ್ಯಾಂಡಾಲ್ಫ್ ಮತ್ತು ಜೊತೆಗಾರರು 1977ರಲ್ಲಿ ಹೊರೆ ಹೊತ್ತು ನಡೆಯುವ ಖರ್ಚಿಗೆ ಒಂದು ಸೂತ್ರ ಕೊಟ್ಟರು. ಅದರಲ್ಲಿ ನೆಲಕ್ಕೂ ಒಂದು ಅಂಕಿ ಇದೆ: ಗಟ್ಟಿ ರಸ್ತೆಗೆ 1, ಮಣ್ಣುದಾರಿಗೆ 1.1, ದಟ್ಟ ಪೊದೆಗೆ 1.5, ಜೌಗಿಗೆ 1.8, ಸಡಿಲ ಮರಳಿಗೆ 2.1. ಗಡಿಯಾರದಲ್ಲಿ ವೇಗ ನೋಡಿ ಬೇಜಾರಾಗೋ ಮೊದಲು ಈ ಅಂಕಿಗಳನ್ನು ನೆನಪಿಸಿಕೊಳ್ಳಿ. ಕೆಸರು ಕಂಡರೆ ಪಕ್ಕದ ಹುಲ್ಲು ತುಳಿದು ಸುತ್ತಿಕೊಂಡು ಹೋಗುವ ಅಭ್ಯಾಸವನ್ನಂತೂ ಬಿಡಬೇಕು. ಎಲ್ಲರೂ ಹಾಗೆ ಮಾಡಿದರೆ ಕಾಲುದಾರಿ ಅಗಲವಾಗುತ್ತಾ ಗಿಡಗಳು ಸಾಯುತ್ತವೆ. ನಿಮಗೂ ಕೆಸರಲ್ಲಿ ನಡೆಯುವ ಅಭ್ಯಾಸ ತಪ್ಪುತ್ತದೆ. ದಾರಿಯನ್ನೇ ಮುಚ್ಚಿದ್ದರೆ ಮಾತ್ರ ವಾಪಸ್ ಬರೋದೇ ಸರಿ.

ಇನ್ನು ಕೈಗೆ ಬರೋಣ. ಮಂಕಿ ಬಾರ್‌ನಿಂದ, ಅಂದರೆ ತಲೆಯ ಮೇಲಿನ ಅಡ್ಡ ಕಂಬಿಗಳನ್ನು ಒಂದೊಂದಾಗಿ ಹಿಡಿದು ದಾಟುವ ಅಡೆತಡೆಯಿಂದ, ಜನ ಬೀಳೋದು ಹೆಚ್ಚಾಗಿ ತೋಳಿನ ಬಲ ಸಾಲದೆ ಅಲ್ಲ, ಹಿಡಿತ ಬಿಟ್ಟು. ಮುಷ್ಟಿ ಬಿಗಿದಾಗ ಮುಂದೋಳಿನ ಸ್ನಾಯುಗಳು ತಮ್ಮ ರಕ್ತನಾಳಗಳನ್ನೇ ಅದುಮುತ್ತವೆ. ನಿಮ್ಮ ಪೂರ್ತಿ ಬಲದ ಅರ್ಧದಷ್ಟು ಬಿಗಿದರೂ ರಕ್ತ ಹರಿಯೋದು ತೀರಾ ಕಡಿಮೆಯಾಗಿ, ಒಂದು ನಿಮಿಷದ ಆಸುಪಾಸಿನಲ್ಲಿ ಬೆರಳು ಸೋಲುತ್ತದೆ. ಜಿಮ್‌ನಲ್ಲಿ ಆರಾಮಾಗಿ ನಿಂತು, ಒಣ ಕೈಯಲ್ಲಿ ಬಾರ್ ಹಿಡಿದು ನೇತಾಡೋದು ಒಂದು. ಗುಡ್ಡ ಹತ್ತಿ ಎದೆ ಡವಡವ ಅನ್ನುವಾಗ, ಒದ್ದೆಯಾದ ತಣ್ಣನೆ ಕೈಯಲ್ಲಿ ನೇತಾಡೋದು ಇನ್ನೊಂದು. ಆದ್ದರಿಂದ ಗುಡ್ಡದ ತುದಿ ಮುಟ್ಟಿದ ಕೂಡಲೇ, ಉಸಿರು ಇಳಿಯುವ ಮೊದಲೇ, ಗಟ್ಟಿ ಕೊಂಬೆಯೊಂದನ್ನು ಹಿಡಿದು ನೇತಾಡಿ. ಒಣಗಿದ ಕೊಂಬೆ ಬೇಡ, ಮತ್ತೆ ಕಾಲು ನೆಲಕ್ಕೆ ಎಟುಕುವಷ್ಟು ಎತ್ತರ ಸಾಕು. ಎರಡು ಬೆವರಿನ ಕೈಗಳ ನಡುವೆ ಭಾರ ಬದಲಿಸುತ್ತಾ ಹೋದರೆ ಬಿಟ್ಟ ಕೈಗೆ ರಕ್ತ ಮರಳುತ್ತದೆ. ಮಂಕಿ ಬಾರ್ ದಾಟುವ ಗುಟ್ಟೂ ಅಷ್ಟೇ.

ಹೊರೆ ಹೊರುವ ಅಭ್ಯಾಸಕ್ಕೆ ಬೆನ್ನಚೀಲದಲ್ಲಿ ನೀರಿನ ಕ್ಯಾನ್ ಹಾಕಿಕೊಳ್ಳಿ. ಒಂದು ಲೀಟರ್ ಅಂದರೆ ಒಂದು ಕಿಲೋ, ತೂಗುವ ತಾಪತ್ರಯ ಇಲ್ಲ. ಮೊದಮೊದಲು ತುದಿಯಲ್ಲಿ ಕುಡಿಯುವಷ್ಟು ಉಳಿಸಿಕೊಂಡು ಮಿಕ್ಕಿದ್ದನ್ನು ಚೆಲ್ಲಿ ಹಗುರಾಗಿ ಇಳಿಯಿರಿ. ಇಳಿಜಾರಿಗೆ ಮೊಣಕಾಲು ಒಗ್ಗಿದ ಮೇಲೆ ಸ್ವಲ್ಪ ಸ್ವಲ್ಪ ಹೊತ್ತುಕೊಂಡೇ ಇಳಿಯಬಹುದು.

ಬಿಸಿಲಿನ ವಿಷಯ ಚಿಕ್ಕದು. ದೇಹ ಸೆಕೆಗೆ ಹೊಂದಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು. ರಕ್ತದ ದ್ರವಭಾಗ ಮೊದಲ ಕೆಲವು ದಿನಗಳಲ್ಲೇ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ. ವಸಂತದಲ್ಲಿ ಬಿಸಿಲು ತಾನೇ ಮೆಲ್ಲಗೆ ಏರುವುದರಿಂದ ನಡಿಗೆಯನ್ನು ವಾರಗಳು ಕಳೆದಂತೆ ಮಧ್ಯಾಹ್ನದ ಕಡೆಗೆ ಸರಿಸಿದರೆ ಅರ್ಧ ಕೆಲಸ ಮುಗಿಯುತ್ತದೆ. ಉಣ್ಣಿಗಳು ಏಳುವ ಕಾಲವೂ ಇದೇ, ವಾಪಸ್ ಬಂದ ಮೇಲೆ ಮೊಣಕಾಲ ಹಿಂಭಾಗ, ಕಂಕುಳು, ಕಿವಿಯ ಹಿಂದೆ ಒಮ್ಮೆ ನೋಡಿಕೊಳ್ಳಿ.

ರೇಸ್ ಹತ್ತಿರ ಬಂದಾಗ ಉತ್ಸಾಹ ಜಾಸ್ತಿಯಾಗಿ ಹಿಂದಿನ ವಾರವೇ ದೊಡ್ಡ ಗುಡ್ಡವೊಂದನ್ನು ಮುಗಿಸಿಬಿಡೋಣ ಅನ್ನಿಸುತ್ತದೆ. ನೋವು ಒಂದರಿಂದ ಮೂರು ದಿನದಲ್ಲಿ ತುದಿ ಮುಟ್ಟಿ ಇಳಿಯುತ್ತದೆ, ಆದರೆ ಕಳೆದುಹೋದ ಬಲ ವಾಪಸ್ ಬರಲು ಕೆಲವೊಮ್ಮೆ ವಾರಕ್ಕೂ ಜಾಸ್ತಿ ಬೇಕು. ಅಂದರೆ ನೋವು ಹೋದ ಮೇಲೂ ಕಾಲು ಇನ್ನೂ ರಿಪೇರಿಯಲ್ಲೇ ಇರಬಹುದು. ಹಾಗಾಗಿ ಕೊನೆಯ ದೊಡ್ಡ ಇಳಿಜಾರನ್ನು ರೇಸ್‌ಗೆ ಎರಡು ವಾರ ಮೊದಲೇ ಇಟ್ಟುಕೊಳ್ಳಿ. ಅದರ ರಕ್ಷಣೆ ರೇಸ್ ದಿನಕ್ಕೂ ಉಳಿದಿರುತ್ತದೆ, ಹರಕು ಅಷ್ಟರಲ್ಲಿ ವಾಸಿಯಾಗಿರುತ್ತದೆ. ನಡುವಿನ ದಿನಗಳಲ್ಲಿ ಬೇಕಿದ್ದರೆ ಏರು ಮಾತ್ರ ಇರುವ ಟ್ರೆಡ್‌ಮಿಲ್ ಬಳಸಿ, ಆಗ ಅದು ನಿಜವಾಗಿ ಉಪಯೋಗಕ್ಕೆ ಬರುತ್ತದೆ.