ಐದು ನಿಂಬೆಹಣ್ಣು ಆರಿಸು, ಪುಟ್ಟಿ

"ನೂರರವರೆಗೆ ಹೇಳ್ತಾಳೆ ಮೇಡಂ" ಅಂತ ತಾಯಿಯೊಬ್ಬರು ನಾಲ್ಕು ವರ್ಷದ ಮಗಳನ್ನು ನನ್ನ ಮುಂದೆ ನಿಲ್ಲಿಸಿದರು. ಮಗು ನಿಲ್ಲಿಸದೆ ಹೇಳಿಯೂ ಬಿಟ್ಟಳು. ಆಮೇಲೆ ಡಬ್ಬಿಯಿಂದ ಐದು ಮಣಿ ಕೊಡಮ್ಮಾ ಅಂದೆ. ಬೊಗಸೆ ತುಂಬಾ ಬಾಚಿ ಕೊಟ್ಟಳು. ತಾಯಿಯ ಮುಖ ಸಪ್ಪಗಾಯಿತು.

ಸಪ್ಪಗಾಗುವಂಥದ್ದೇನೂ ಇರಲಿಲ್ಲ. ಒಂದು, ಎರಡು, ಮೂರು ಅಂತ ಸಾಲಾಗಿ ಹೇಳುವುದು ಮಗುವಿಗೆ ಹಾಡು ಹೇಳಿದ ಹಾಗೆ. ಎಣಿಸುವುದು ಬೇರೆ. ಒಂದು ವಸ್ತುವಿಗೆ ಒಂದೇ ಸಂಖ್ಯೆ, ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಎಷ್ಟು ಎನ್ನುವುದು, ಇವೆರಡೂ ತಲೆಗೆ ಇಳಿಯಬೇಕು. ಇಳಿಯುವುದೂ ನಿಧಾನ. ಮಗು ಮೊದಲು 'ಒಂದು' ಕೇಳಿದರೆ ಸರಿಯಾಗಿ ಕೊಡುತ್ತದೆ. ಕೆಲವು ತಿಂಗಳಾದ ಮೇಲೆ 'ಎರಡು', ಆಮೇಲೆ 'ಮೂರು'.

ಇದಕ್ಕೆ ಕಾರ್ಡು, ಆ್ಯಪು ಬೇಡ. ಗಾಂಧಿ ಬಜಾರಿಗೆ ತರಕಾರಿಗೆ ಹೋಗುವಾಗ ಮಗುವನ್ನೂ ಕರೆದುಕೊಂಡು ಹೋಗಿ. "ಐದು ನಿಂಬೆಹಣ್ಣು ಆರಿಸು, ಪುಟ್ಟಿ" ಅನ್ನಿ. ಐದು ಕಷ್ಟವಾದರೆ ಮೂರು. ಒಂದೊಂದೇ ಚೀಲಕ್ಕೆ ಹಾಕಲಿ. ಹಾಕಿದ ಮೇಲೆ "ಈಗ ಎಷ್ಟಾಯ್ತು?" ಅಂತ ಕೇಳಿ. ಮತ್ತೆ ಮೊದಲಿಂದ ಎಣಿಸಲು ಶುರು ಮಾಡಿದರೆ ಕೊನೆಯ ಸಂಖ್ಯೆಯೇ ಒಟ್ಟು ಎನ್ನುವ ತಿಳಿವಳಿಕೆ ಇನ್ನೂ ಬಂದಿಲ್ಲ ಅಂತ ಅರ್ಥ. ಬೈಯಬೇಡಿ, ತಿದ್ದಲೂ ಬೇಡಿ. ನೀವೇ ಜೊತೆಗೆ ಎಣಿಸಿ, ಕೊನೆಗೆ "ಐದು. ಐದು ನಿಂಬೆಹಣ್ಣು" ಅನ್ನಿ. ಸಾಕು.

ತೂಕದ ಪಾಠ ಕಿರಾಣಿ ಅಂಗಡಿಯಲ್ಲಿದೆ. ಒಂದು ಕೈಗೆ ಮಂಡಕ್ಕಿ ಪ್ಯಾಕೆಟ್ಟು, ಇನ್ನೊಂದಕ್ಕೆ ಬೆಲ್ಲದ ಉಂಡೆ ಕೊಡಿ. ಈ ವಯಸ್ಸಿನವರಿಗೆ ಕಣ್ಣಿಗೆ ದೊಡ್ಡದಾಗಿ ಕಂಡದ್ದೇ ಜಾಸ್ತಿ. ಪುಟ್ಟ ಬೆಲ್ಲ ಕೈಯನ್ನು ಕೆಳಗೆ ಎಳೆದಾಗ ಅವರ ಮುಖ ನೋಡಬೇಕು ನೀವು!

ಕನ್ನಡದ ಮಕ್ಕಳಿಗೆ ಇನ್ನೊಂದು ತೊಡಕೂ ಇದೆ. "ಕಾಲು ಕೆಜಿ ಬೀನ್ಸ್" ಅಂದರೆ ಎಷ್ಟೋ ಮಕ್ಕಳು ತಮ್ಮ ಕಾಲು ನೋಡಿಕೊಳ್ಳುತ್ತಾರೆ. ಅದನ್ನೇ ಹಿಡಿದು ನಾನು ಹೇಳಿಕೊಡುತ್ತೇನೆ: ಹಸುವಿಗೆ ನಾಲ್ಕು ಕಾಲು, ಒಂದು ಕೆಜಿಗೂ ನಾಲ್ಕು ಕಾಲು. 250 ಗ್ರಾಂ ಅಂದರೇನು ಅಂತ ಶಾಲೆಯಲ್ಲಿ ಕಲಿಯುವುದು ಆಮೇಲೆ ಇದ್ದೇ ಇದೆ.

ಮಳೆಗಾಲದಲ್ಲಿ ಕಳಲೆ, ಕೆಸುವಿನ ಎಲೆ ಬಂದಿರುತ್ತವೆ. ಹೆಸರು ಹೇಳಿ, ಕಳಲೆಯ ವಾಸನೆ ನೋಡಲು ಬಿಡಿ. ಮಗು ಹಸಿದಿದ್ದರೆ, ಜಡಿಮಳೆ ಹೊಡೆಯುತ್ತಿದ್ದರೆ ಇದ್ಯಾವುದೂ ಬೇಡ, ಬೇಗ ಮನೆಗೆ ಹೋಗಿ.

ನನಗೆ ನಿಜಕ್ಕೂ ಚಿಂತೆಯಾಗುವುದು ದುಡ್ಡಿನ ವಿಷಯದಲ್ಲಿ. ಈಗ ಎಲ್ಲರೂ ಮೊಬೈಲಿನಲ್ಲಿ ಸ್ಕ್ಯಾನ್ ಮಾಡುತ್ತೇವೆ. ದುಡ್ಡು ಕೈಯಿಂದ ಕೈಗೆ ಹೋಗುವುದು ಮಗುವಿಗೆ ಕಾಣುವುದೇ ಇಲ್ಲ. ಏನೇ ಬೇಕಾದರೂ ಫೋನು ತೋರಿಸಿದರೆ ಸಿಗುತ್ತದೆ ಅಂದುಕೊಂಡರೆ ಅದರ ತಪ್ಪೇನು? ಅದಕ್ಕೇ ಸಂತೆಗೆ ಹೊರಡುವಾಗ ಹತ್ತರ ನೋಟು ಎರಡು ಮೂರು ಇಟ್ಟುಕೊಳ್ಳಿ. ಕೊತ್ತಂಬರಿ ಕಟ್ಟಿಗೆ ಮಗುವೇ ನೋಟು ಕೊಡಲಿ. ಚಿಲ್ಲರೆಯನ್ನೂ ಅದೇ ಇಸ್ಕೊಳ್ಳಲಿ. ಹಿಂದೆ ನಿಂತವರಿಗೆ ಸ್ವಲ್ಪ ತಡವಾಗುತ್ತದೆ, ಆಗಲಿ.